ಹನ್ನೊಂದು ಹೆಸರು

ನಮಸೋಲೊ ಗುಡ್ಡ, ಎಂಬಾಲೆ
14 ಜೂನ್ 1980

ಅತ್ತೆ,

ಹೇಗಿದ್ದೀ? ಮನೆಯವರು ಹೇಗಿದ್ದಾರೆ? ರಾತ್ರಿ ನಿದ್ದೆ ಬರುತ್ತಾ? ಇಲ್ಲಿ ನಾವೆಲ್ಲ ಇದ್ದೀವಿ.

ನಾನು ಜಿಪೋಲ, ನಿನ್ನ ಅಣ್ಣ ಲಮೇಕನ ಮಗಳು. ಐದು ವರ್ಷಕ್ಕೆಲ್ಲ ಮರೆತಿರಲಾರೆ ಅಂದುಕೊಂಡು ಬರೀತಿದ್ದೀನಿ. ನಿನ್ನ ವಿಳಾಸ ಕೊಟ್ಟಿದ್ದು ಬಸ್ಸಿನ ಕಂಡಕ್ಟರ್ ವಸ್ವಾ. "ಕಂಪಾಲದ ನಾತೇಟೆಯಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯೋ ಹೆಂಗಸೊಬ್ಬಳಿದಾಳೆ, ಹೆಸರು ಫ್ಲೋರೆನ್ಸ್ ಅಂತೆ, ಮೂಗು ಮಾತ್ರ ಎಜಿರೋನಿ ಮುದುಕನದ್ದೇ" ಅಂದ. ಅಜ್ಜನ ಮೂಗು ಇನ್ಯಾರಿಗಿದೆ, ನಿನಗೇ ಅಲ್ವಾ?

ನನ್ನ ಅಪ್ಪ ಎರಡು ವರ್ಷದ ಹಿಂದೆ ಜ್ವರದಲ್ಲಿ ಹೋದರು. ನಿನಗೆ ಯಾರೂ ಹೇಳಿಲ್ಲವೇನೋ. ಅಜ್ಜನ ಕಣ್ಣು ಪೂರ್ತಿ ಹೋಗಿದೆ, ಗ್ರಂಥ ನಾನೇ ಓದಿ ಹೇಳ್ತೀನಿ.

ನಮ್ಮ ಧರ್ಮವನ್ನೇ ನಿಷೇಧ ಮಾಡಿದ್ದ ಅಧ್ಯಕ್ಷ ಅಮೀನ ಓಡಿಹೋದ ಮೇಲೆ ನಮ್ಮ ಪ್ರಾರ್ಥನೆ ಮನೆಯ ಬೀಗ ತೆಗೆದೆವು. ತಗಡು ಯಾರೋ ಕಿತ್ತುಕೊಂಡು ಹೋಗಿದ್ದರು, ಒಳಗೆ ಆಡು ಕಟ್ಟಿದ್ದರು. ಗುಡಿಸಿ ಕೂತು ನೋಡಿದರೆ ಗುಡ್ಡದಲ್ಲಿ ಉಳಿದಿರೋ ಯೆಹೂದಿ ಮನೆ ಬರೀ ಇಪ್ಪತ್ತು. ಮಿಕ್ಕವರೆಲ್ಲ ಚರ್ಚಿಗೋ ಮಸೀದಿಗೋ ಸೇರಿದಾರೆ, ಹೆದರಿಕೊಂಡು. ಅದಕ್ಕೇ ನಾವು ಆರು ಜನ ಹುಡುಗ ಹುಡುಗಿಯರು ಮನೆ ಮನೆಗೆ ಹೋಗ್ತಿದ್ದೀವಿ, ವಾಪಸ್ ಬನ್ನಿ ಅಂತ ಕರೆಯೋಕೆ. ನಿನ್ನ ಸೋದರನ ದನ ದಾರಿ ತಪ್ಪಿದ್ದು ಕಂಡರೆ ಕಾಣದವನ ಹಾಗೆ ಹೋಗಬೇಡ, ಹಿಡಿದು ತಂದು ಒಪ್ಪಿಸು ಅಂತ ಮೋಶೆಯ ಕಾನೂನು ಇದೆಯಲ್ಲ. ದನಕ್ಕೇ ಹಾಗಾದರೆ ಮನುಷ್ಯರಿಗೆ ಇನ್ನೆಷ್ಟು ಅಂತಾರೆ ಅಜ್ಜ. ಹೊಸ ವರ್ಷದೊಳಗೆ ಐವತ್ತು ಮನೆ ಮಾಡ್ತೀನಿ ಅಂತ ಶಪಥ ಮಾಡಿದೀನಿ. ಮೊದಲನೇ ಹೆಸರು ನಿನ್ನದು. ನನಗೆ ಕೀರ್ತನೆ ಕಲಿಸಿದವಳೇ ಹೊರಗಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಇನ್ನೊಬ್ಬರ ಬಾಗಿಲು ತಟ್ಟಲಿ?

ಅಜ್ಜ ಪ್ರತಿ ಸಬ್ಬತ್ತಿಗೂ ನಿನ್ನ ಬಗ್ಗೆ ಕೇಳ್ತಾರೆ.

ನಿನ್ನ
ಜಿಪೋಲ


ನಾತೇಟೆ, ಕಂಪಾಲ
3 ಆಗಸ್ಟ್ 1980

ಜಿಪೋಲ,

ಕಾಗದ ಬಂತು. ನಾನು ದನ ಅನ್ನೋದು ತಿಳಿಸಿದ್ದಕ್ಕೆ ಸಂತೋಷ. ಹಗ್ಗ ತಂದಿದ್ದೀಯಾ, ಇಲ್ಲ ಬರೀ ಬಾಯಲ್ಲೇ ಹಿಡಿದು ಎಳೀತೀಯಾ?

ಲಮೇಕಣ್ಣನ ಸುದ್ದಿ ಗೊತ್ತಿರಲಿಲ್ಲ. ಓದಿ ಎರಡು ದಿನ ಮಿಷನ್ನು ಮುಟ್ಟಲಿಲ್ಲ. ಅವನ ಕೊನೆ ದಿನಗಳ ಬಗ್ಗೆ ಬರಿ. ನೋವು ಇತ್ತಾ?

ನನಗೆ ಇಲ್ಲಿ ಗಂಡ ಇದ್ದಾನೆ. ಎರಾಸ್ತೊ ಅಂತ, ಶಾಲೆ ಮೇಷ್ಟ್ರು, ಚರ್ಚಿನಲ್ಲಿ ಹಾಡೋರ ಮುಂದಾಳು. ಪ್ರೊಸಿ ಅನ್ನೋ ಮಗಳಿದಾಳೆ, ನಾಲ್ಕು ವರ್ಷ. ನಾನೂ ಅವರ ಜೊತೆ ಹಾಡ್ತೀನಿ. ಯಾರೂ ನನ್ನನ್ನ ಕಟ್ಟಿಹಾಕಿಲ್ಲ ಮಗಳೇ. ದಾರಿ ತಪ್ಪಿದ ದನ ಒಂದೊಂದು ಸಲ ಹೊಸ ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕ್ತಿರುತ್ತೆ. ಅದನ್ನೂ ಬರೆದುಕೋ ನಿನ್ನ ಕಾನೂನಿನಲ್ಲಿ.

ವಸ್ವಾ ಕೈಲಿ ಎರಡು ಸೋಪು, ಒಂದು ಪೊಟ್ಟಣ ಉಪ್ಪು ಕಳಿಸಿದೀನಿ. ಅವನು ಒಂದು ಸೋಪು ಇಟ್ಟುಕೊಳ್ತಾನೆ, ಜಗಳ ಮಾಡಬೇಡ.

ಅಪ್ಪ ನನ್ನ ಬಗ್ಗೆ ಏನಂತ ಕೇಳ್ತಾರೆ? ಯಾವ ಮಾತಲ್ಲಿ?

ನಿನ್ನ ಅತ್ತೆ


ನಮಸೋಲೊ ಗುಡ್ಡ
20 ಆಗಸ್ಟ್ 1980

ಅತ್ತೆ,

ಒಂದೇ ಸೋಪು ಬಂತು. ಜಗಳ ಮಾಡಲಿಲ್ಲ.

ಅಪ್ಪನಿಗೆ ನೋವಿರಲಿಲ್ಲ. ಕೊನೆಯವರೆಗೂ ಆ ಮೂರು ದಿನದ ಕಥೆಯನ್ನೇ ಹೇಳ್ತಿದ್ದರು. ನಿನಗೂ ಗೊತ್ತಿರೋದೇ: ಬಾಳೆತೋಟದಲ್ಲಿ ಪ್ರಾರ್ಥನೆ ಮಾಡ್ತಿದ್ದ ನಾಲ್ಕು ಜನರನ್ನ ಹೋಬಳಿ ಮುಖ್ಯಸ್ಥನ ಆಳುಗಳು ಹಿಡಿದುಕೊಂಡು ಹೋದದ್ದು, ಅಪ್ಪನ ಬೆನ್ನು ಒಡೆದದ್ದು, 'ಯೇಸುವಿನ ಹೆಸರು ಹೇಳು, ಬಿಡ್ತೀವಿ' ಅಂದರೂ ಅವರು ಹೇಳದೇ ಇದ್ದದ್ದು. ಮೂರನೇ ದಿನ ಬೆಳಿಗ್ಗೆ ಮುಖ್ಯಸ್ಥ ತಾನೇ ಬಂದು ಬೀಗ ತೆಗೆದು "ಮನೆಗೆ ಹೋಗಿ" ಅಂದ. ಫರೋಹನ ಎದೆ ಕಲ್ಲು ಮಾಡಿದ ದೇವರು ಇವನ ಎದೆ ಬೆಣ್ಣೆ ಮಾಡಿದ ಅಂತಿದ್ದರು ಅಪ್ಪ. ಈ ಕಥೆ ಕೇಳಿದ ಯಾವ ಮನೆಯೂ ನಮಗೆ ಬಾಗಿಲು ಹಾಕಿಲ್ಲ. ಈಗಾಗಲೇ ಒಂಬತ್ತು ಮನೆ ವಾಪಸ್ ಬಂದಿವೆ.

ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡಿಕೋಬೇಡ. ನಿನ್ನ ಅಣ್ಣ ಅಲ್ಲಿ ಏಟು ತಿಂತಿದ್ದಾಗಲೇ ನೀನು ಹೋಗಿ ಪಾದ್ರಿ ಕೈಲಿ ತಲೆ ಮೇಲೆ ನೀರು ಹಾಕಿಸಿಕೊಂಡೆಯಲ್ಲ. ಮೂರು ದಿನ ತಡೆಯೋಕಾಗಲಿಲ್ವಾ ಅತ್ತೆ?

ಆಗಿದ್ದು ಆಯ್ತು. ಅಜ್ಜ "ನನ್ನ ಮಗಳು ಯಾವಾಗ ಬರ್ತಾಳೆ" ಅಂತ ಕೇಳ್ತಾರೆ. ಅದೇ ಮಾತಲ್ಲಿ.

ಜಿಪೋಲ


ನಾತೇಟೆ
11 ಫೆಬ್ರವರಿ 1981

ಜಿಪೋಲ,

ಆರು ತಿಂಗಳಿಂದ ನಿನ್ನ ಮೂರು ಕಾಗದ ಬಂದಿವೆ, ಉತ್ತರ ಬರೆಯೋಕೆ ಆಗಲಿಲ್ಲ. ಚುನಾವಣೆ ಮುಗಿದಾಗಿನಿಂದ ಊರಿನ ತುಂಬ ಸಿಪಾಯಿಗಳು. ಬಟ್ಟೆ ಸಿಗಲ್ಲ, ಸಿಕ್ಕರೆ ದಾರ ಸಿಗಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಕೊಡಲ್ಲ. ಆದರೆ ನನಗೊಂದು ವಿಷಯ ತಿಳಿಯಬೇಕು. ಆ ಮೂರನೇ ದಿನದ ಬಗ್ಗೆ ಲಮೇಕಣ್ಣ ಬೇರೆ ಏನಾದರೂ ಹೇಳಿದ್ದನಾ? ಯಾಕೆ ಬಿಟ್ಟರು ಅಂತ ಯಾವತ್ತಾದರೂ ಯೋಚನೆ ಮಾಡಿದ್ದನಾ? ಹಾಗೇ ನಂಬಿಕೊಂಡೇ ಹೋದನಾ?

ಈ ಸಲ ಫರೋಹನಿಂದ ಬಿಡುಗಡೆಯಾದ ಹಬ್ಬ ನಮ್ಮ ಈಸ್ಟರಿನ ಹಿಂದಿನ ಸಂಜೆಯೇ ಬರುತ್ತೆ, ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡಿದೆ. ಈಸ್ಟರಿಗೆ ನಾನು ಇಲ್ಲದಿದ್ದರೆ ಎರಾಸ್ತೊನ ಹಾಡು ಕುಂಟುತ್ತೆ. ಆದರೂ ಅಪ್ಪ ಕರೆದರೆ ಬರ್ತೀನಿ. ನೀನು ಕರೆದರೆ ಅಲ್ಲ, ಅಪ್ಪ ಕರೆದರೆ. ಕೇಳಿ ಬರಿ.

ಅತ್ತೆ


ನಮಸೋಲೊ ಗುಡ್ಡ
2 ಮಾರ್ಚ್ 1981

ಅತ್ತೆ, ನನ್ನ ಅತ್ತೆ,

ಕರೀತಿದಾರೆ! ಬಾ! ಹಬ್ಬದ ವಾರ ಗುರುವಾರವೇ ಹೊರಡು, ಎಂಬಾಲೆ ಬಸ್ ನಿಲ್ದಾಣಕ್ಕೆ ನಾನೇ ಬರ್ತೀನಿ. ನನಗಿಂತ ಮೊದಲು ಗುಡ್ಡ ಹತ್ತಬೇಡ, ಇಬ್ಬರೂ ಜೊತೆಯಲ್ಲೇ ಹೋಗೋಣ. ಅಪ್ಪ ಯಾಕೆ ಬಿಟ್ಟರು ಅಂತ ಯೋಚಿಸಿದವರೇ ಅಲ್ಲ. ದೇವರ ಕೆಲಸಕ್ಕೆ ಕಾರಣ ಕೇಳ್ತಾರಾ?

ಜಿಪೋಲ


ನಾತೇಟೆ
24 ಏಪ್ರಿಲ್ 1981

ಜಿಪೋಲ,

ದಾರಿಯಲ್ಲಿ ಸಿಪಾಯಿಗಳ ತಡೆ ಇದೆ ಅಂತ ನಮ್ಮ ಬಸ್ಸು ಬೇರೆ ದಾರಿ ಹಿಡೀತು, ನನ್ನನ್ನ ಗುಡ್ಡದ ಬುಡದಲ್ಲೇ ಇಳಿಸಿತು. ನೀನು ನಿಲ್ದಾಣದಲ್ಲಿ ಕಾಯ್ತಿದ್ದೆ. ಅದಕ್ಕೇ ನಿನ್ನ ಸುಳ್ಳು ಒಂದು ಗಂಟೆ ಮೊದಲೇ ಬಯಲಾಯ್ತು. ನೀನು ಜೊತೆಗಿದ್ದರೆ ಅದೇನು ಕಟ್ಟಿ ಹೇಳ್ತಿದ್ದೆಯೋ.

ಅಪ್ಪ ಅಂಗಳದಲ್ಲಿ ಚಾಪೆ ಮೇಲೆ ಕೂತು ಕಡಲೆಕಾಯಿ ಬಿಡಿಸ್ತಿದ್ದರು. ನಾನು ಮಂಡಿಯೂರಿ, "ಅಪ್ಪಾ, ನಾನು ಬಂದೆ" ಅಂದೆ.

"ಯಾರ ಮಗಳಮ್ಮ ನೀನು?"

"ನಿಮ್ಮ ಮಗಳೇ ಅಪ್ಪಾ. ಅಬಿಸಾಗಿ."

ಕೈ ನಿಲ್ಲಿಸಲಿಲ್ಲ ಅವರು. ಇನ್ನೂ ನಾಲ್ಕು ಕಾಯಿ ಬಿಡಿಸಿದರು. ಆಮೇಲೆ, "ಅಬಿಸಾಗಿ ಬಾಳೆತೋಟದಲ್ಲಿದಾಳೆ. ಹೋಗಿ ನೋಡು" ಅಂದರು.

ಕಣ್ಣಿಲ್ಲದ ಮುದುಕ, ಬುದ್ಧಿಯೂ ಮಸುಕಾಗಿದೆ ಅಂದುಕೊಂಡೆ. ತೋಟಕ್ಕೆ ಹೋದೆ. ನಮ್ಮಮ್ಮನ ಸಮಾಧಿ, ಅದರ ಪಕ್ಕ ಲಮೇಕಣ್ಣನದು, ಅದರ ಪಕ್ಕ ಒಂದು ಸಣ್ಣ ದಿಬ್ಬ. ಪಕ್ಕದ ಮನೆಯ ಮುದುಕಿ ಸೌದೆ ಹೊತ್ತು ಹೋಗ್ತಿದ್ದಳು. "ಇದು ಯಾರದು ತಾಯಿ?" ಅಂದೆ. ಅವಳು ನನ್ನ ಮುಖ ನೋಡಿದಳು, ಸೌದೆ ಕೆಳಗೆ ಹಾಕಿದಳು. "ನಿಂದೇ ಕಣಮ್ಮ. ಬಾಳೆದಿಂಡು ಹೂತು ಏಳು ದಿನ ಸೂತಕ ಕೂತರು" ಅಂದಳು.

ದೂರದಲ್ಲಿ ಸತ್ತು ಹೆಣ ಸಿಗದವರಿಗೆ ಹೂಳೋ ಹಾಗೆ. ನಿನಗೆ ಗೊತ್ತಿತ್ತು. ಹದಿನೈದು ವರ್ಷದವಳು ನೀನು ಆಗ, ಆ ಏಳು ದಿನ ನೀರು ಹೊತ್ತಿರ್ತೀಯ. ಗೊತ್ತಿದ್ದೂ 'ಪ್ರತಿ ಸಬ್ಬತ್ತಿಗೂ ಕೇಳ್ತಾರೆ' ಅಂತ ಬರೆದೆ. ನನ್ನ ಸಮಾಧಿ ನನಗೇ ತೋರಿಸೋಕೆ ಈಸ್ಟರಿನ ಹೊತ್ತಲ್ಲಿ ಗಂಡನಿಗೆ ಸುಳ್ಳು ಹೇಳಿಸಿ ಕರೆಸಿಕೊಂಡೆ. ಅಲ್ಲಿಂದಲೇ ಇಳಿದೆ, ಸಿಕ್ಕಿದ ಲಾರಿ ಹತ್ತಿದೆ.

ಈಗ ನೀನು ಕೇಳಿದ್ದಕ್ಕೆ ಉತ್ತರ ಕೊಡ್ತೀನಿ. ಮೂರು ದಿನ ತಡೆಯೋಕಾಗಲಿಲ್ವಾ ಅಂದೆಯಲ್ಲ.

ಎರಡನೇ ದಿನ ನಾನು ಮುಖ್ಯಸ್ಥನ ಹತ್ತಿರ ಹೋದೆ. "ನಿಮ್ಮ ಮನೆತನ ಪೂರ್ತಿ ಕ್ರೈಸ್ತರು ಅಂತ ಪಾದ್ರಿಯ ಕಾಗದ ತಾ. ಇಲ್ಲದಿದ್ದರೆ ನಾಳೆ ಅವರನ್ನ ಬ್ಯಾರಕ್ಕಿಗೆ ಕಳಿಸ್ತೀನಿ" ಅಂದ. ಆಗ ಬ್ಯಾರಕ್ಕಿಗೆ ಹೋದವರು ವಾಪಸ್ ಬರ್ತಿರಲಿಲ್ಲ. ಪಾದ್ರಿ ಹತ್ತಿರ ಓಡಿದೆ. ನೀರು ಬಿದ್ದದ್ದು ನನ್ನೊಬ್ಬಳ ತಲೆ ಮೇಲೆ. ಉಳಿದ ಹತ್ತು ಹೆಸರು ನನ್ನ ಮಾತಿನ ಮೇಲೆ ಬರೆದುಕೊಂಡರು. "ಇವರೆಲ್ಲ ಬರ್ತಾರಾ?" ಅಂತ ಕೇಳಿದರು. "ಬರ್ತಾರೆ" ಅಂದೆ. ಸುಮಾರು ಹೊತ್ತು ನನ್ನ ಮುಖ ನೋಡಿ ಪೆನ್ನು ತಗೊಂಡರು ಆ ಪುಣ್ಯಾತ್ಮ. ಒಟ್ಟು ಹನ್ನೊಂದು ಹೆಸರು. ಅಪ್ಪನದು ಮೊದಲು, ಪೇತ್ರೊ ಅಂತ. ನಿನ್ನದು ಏಳನೆಯದು, ಮೇರಿ. ಬಿಡಿಸಿದ್ದು ಆ ಕಾಗದ. ಅಣ್ಣನ ಜೊತೆಗಿದ್ದ ಮೂವರೂ ಅದರಲ್ಲೇ ಹೊರಗೆ ಬಂದರು. ಆಮೇಲೂ ನಾಲ್ಕು ವರ್ಷ ಮುಖ್ಯಸ್ಥ ವಿಚಾರಿಸಿದಾಗಲೆಲ್ಲ ಪಾದ್ರಿ "ಚರ್ಚಿಗೆ ಬರ್ತಾರೆ, ಬರ್ತಾರೆ" ಅಂತಲೇ ಹೇಳ್ತಿದ್ದರಂತೆ. ನಿಮ್ಮ ಮನೆಗೆ ಮತ್ತೆ ಯಾರೂ ಬರಲಿಲ್ಲ, ಅಲ್ವಾ?

ಅಪ್ಪನಿಗೆ ಹೇಳಿದ್ದರೆ ಅವರು ಆ ಕ್ಷಣವೇ ಹೋಗಿ ಕಾಗದ ಹರಿದುಹಾಕ್ತಿದ್ದರು. ಅದಕ್ಕೇ ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ಒಡೆದ ಬೆನ್ನಿನವನಿಗೆ ಆ ಪವಾಡವಾದರೂ ಇರಲಿ ಅಂದುಕೊಂಡು ಕಂಪಾಲದ ಬಸ್ಸು ಹತ್ತಿದೆ.

ನೀನು ಆ ಪವಾಡ ಹೊತ್ತುಕೊಂಡು ಮನೆ ಮನೆ ಸುತ್ತು. ನನಗೆ ಇನ್ನು ಬರೀಬೇಡ.


ನಮಸೋಲೊ ಗುಡ್ಡ
30 ಮೇ 1981

ಅತ್ತೆ,

ಬರೀಬೇಡ ಅಂದಿದ್ದೀ. ಬರೀತಿದ್ದೀನಿ. ಓದದಿದ್ದರೂ ಪರವಾಗಿಲ್ಲ, ಒಲೆಗೆ ಹಾಕಬೇಡ.

ನಾನು ಸುಳ್ಳು ಹೇಳಿದೆ. ಒಂದಲ್ಲ, ನಾಲ್ಕು ಕಾಗದದಲ್ಲಿ. ಅಜ್ಜ ಆರು ವರ್ಷದಲ್ಲಿ ನಿನ್ನ ಹೆಸರು ಎತ್ತಿರಲಿಲ್ಲ. ನೀನು ಎದುರಿಗೆ ಬಂದು ನಿಂತರೆ ಕರಗ್ತಾರೆ ಅಂತ ನಂಬಿದ್ದೆ. ಜನರನ್ನ ಹತ್ತಿರ ತರೋ ಕೆಲಸಕ್ಕೆ ಹೊರಟು ನಿನ್ನನ್ನ ಇನ್ನೂ ದೂರ ಅಟ್ಟಿದೆ. ಕ್ಷಮಿಸು ಅಂತ ಕಾಗದದಲ್ಲಿ ಕೇಳಲ್ಲ.

ನಿನ್ನ ಕಾಗದ ಅಜ್ಜನಿಗೆ ಓದಿದೆ. ಒಂದಕ್ಷರ ಬಿಡದೆ. ಮುಗಿದ ಮೇಲೆ ಅವರು ಕೋಲು ತಗೊಂಡು ಎದ್ದು ಹೋದರು. ಒಂಬತ್ತು ದಿನ ನನ್ನ ಜೊತೆ ಮಾತಿಲ್ಲ. ಹತ್ತನೇ ದಿನ "ಇನ್ನೊಂದು ಸಲ ಓದು" ಅಂದರು. ಓದಿದೆ.

"ನನಗೇನು ಹೆಸರಿಟ್ಟರಂತೆ?"

"ಪೇತ್ರೊ."

"ಪೇತ್ರೊ!" ಅಂತ ಉಗಿದರು. "ಆರು ವರ್ಷ ನಾನು ಪೇತ್ರೊ ಆಗಿ ಬದುಕಿದೀನಿ, ನನಗೇ ಗೊತ್ತಿಲ್ಲ. ಅವಳನ್ನ ಕೇಳಿದವರು ಯಾರು? ನಾನು ಕೇಳಿದ್ನಾ, ನನ್ನ ಕಾಪಾಡು ಅಂತ?"

"ನೀವು ಕೇಳಲಿಲ್ಲ ಅಜ್ಜ. ಬೆನ್ನು ಒಡೆಸಿಕೊಂಡವರು ನಮ್ಮಪ್ಪ" ಅಂದೆ. ಅವರಿಗೆ ಎದುರುತ್ತರ ಕೊಟ್ಟಿದ್ದು ಅದೇ ಮೊದಲು.

ಆಗ ಅವರು ಅಂದರು: "ಮುಖ್ಯಸ್ಥನ ಎದೆ ಕರಗಿಸಿದ್ದು ದೇವರು ಅಂತ ಲಮೇಕ ಹೇಳ್ತಿದ್ದ. ನನಗೆ ಯಾವತ್ತೂ ಅನುಮಾನ ಇತ್ತು. ಆ ಮನುಷ್ಯನಿಗೆ ಎದೆಯೇ ಇರಲಿಲ್ಲ." ಆಮೇಲೆ ಗುದ್ದಲಿ ಕೇಳಿದರು. ನಾನು ಅಗೀತೀನಿ ಅಂದರೆ ಕೊಡಲಿಲ್ಲ. ಕೈಯಲ್ಲಿ ತಡವಿ ತಡವಿ ಆ ದಿಬ್ಬ ತಾವೇ ಸಮ ಮಾಡಿದರು. ದಿಂಡು ಎಂದೋ ಮಣ್ಣಾಗಿತ್ತು.

ಇನ್ನೊಂದು ವಿಷಯ. ಅದರ ನಂತರದ ಭಾನುವಾರದಿಂದ ಆ ಪವಾಡದ ಕಥೆ ಹೇಳೋದು ಬಿಟ್ಟೆ. ನಿಜವನ್ನೇ ಹೇಳಿದೆ. ನಮ್ಮ ಗುಂಪಿನ ಮುಂದಾಳು ನೆಹೆಮಿಯನಿಗೆ ರೇಗಿಹೋಯ್ತು. "ಹೀಗೆ ಹೇಳಿದರೆ ಯಾರು ವಾಪಸ್ ಬರ್ತಾರೆ? ಚರ್ಚಿನ ಕಾಗದವೇ ಕಾಪಾಡಿತು ಅಂದರೆ ಚರ್ಚಿನಲ್ಲೇ ಇರ್ತೀವಿ ಅಂತಾರೆ" ಅಂದ. ಎರಡು ಮನೆಯವರು ನಿಜಕ್ಕೂ ಹಾಗೇ ಅಂದರು. ಆದರೆ ಮೂರನೇ ಮನೆಯ ಹೆಂಗಸು ಒಳಗೆ ಕರೆದು ಬಾಗಿಲು ಹಾಕಿ ಅತ್ತಳು. ಅವಳೂ ಗಂಡನಿಗೋಸ್ಕರ ಹೀಗೇ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳಂತೆ. ದ್ರೋಹ ಮಾಡಿದವಳನ್ನ ಯಾರು ಸೇರಿಸ್ತಾರೆ ಅಂತ ಇಷ್ಟು ವರ್ಷ ಈ ಕಡೆ ಬಂದಿರಲಿಲ್ಲ. ಈಗ ಬರ್ತಿದಾಳೆ.

ನಿಜ ಹೇಳಿದರೆ ನಿಧಾನ ಆಗುತ್ತೆ. ಆಗಲಿ.

ಜಿಪೋಲ


ನಮಸೋಲೊ ಗುಡ್ಡ
10 ಸೆಪ್ಟೆಂಬರ್ 1981

ಅತ್ತೆ,

ನಿನ್ನ ಉತ್ತರ ಇಲ್ಲ. ಈ ಕಾಗದ ಕೇಳೋಕಲ್ಲ, ತಿಳಿಸೋಕೆ.

ಹೊಸ ವರ್ಷದ ಹಬ್ಬಕ್ಕೂ ಉಪವಾಸದ ದಿನಕ್ಕೂ ನಡುವೆ ಹತ್ತು ದಿನ ಬರುತ್ತಲ್ಲ, ಆಗ ಅಜ್ಜ ನಿನ್ನ ಮನೆಗೆ ಬರ್ತಾರೆ. ದೇವರಿಗೆ ಮಾಡಿದ ತಪ್ಪನ್ನ ಉಪವಾಸ ತೊಳೆಯುತ್ತೆ, ಮನುಷ್ಯರಿಗೆ ಮಾಡಿದ್ದನ್ನ ಅವರ ಎದುರಿಗೇ ಹೋಗಿ ತೊಳ್ಕೋಬೇಕು ಅಂತಾರೆ. ಎಪ್ಪತ್ತೆಂಟು ವರ್ಷ, ಕಣ್ಣಿಲ್ಲ, ದಾರಿ ತುಂಬ ಸಿಪಾಯಿಗಳು ಅಂತ ಎಲ್ಲರೂ ಹೇಳಿ ಆಯ್ತು. "ನಾನು ಎಂಟು ವರ್ಷ ಅಮೀನನನ್ನೇ ತಡ್ಕೊಂಡಿದೀನಿ, ಬಸ್ಸೊಂದು ತಡ್ಕೊಳ್ಳಲಾರೆನಾ?" ಅಂತ ನೆಹೆಮಿಯನ ಬಾಯಿ ಮುಚ್ಚಿಸಿದರು.

ಈ ಸಲ ಸುಳ್ಳಿಲ್ಲ. ಬೇಕಾದರೆ ವಸ್ವಾನನ್ನ ಕೇಳು, ಟಿಕೆಟ್ಟಿಗೆ ಹೇಳಿ ಆಗಿದೆ. ನಿನಗೆ ಬೇಡವಾದರೆ ಬಾಗಿಲು ತೆಗೀಬೇಡ. ಅಜ್ಜ ಅದಕ್ಕೂ ತಯಾರಾಗೇ ಬರ್ತಿದಾರೆ.

ಜಿಪೋಲ


ನಾತೇಟೆ
9 ನವೆಂಬರ್ 1981

ಮಗಳೇ ಜಿಪೋಲ,

ನೀನು ಹೊರಗೆ ಹಲಸಿನ ಮರದ ಕೆಳಗೆ ಕೂತಿದ್ದೆ. "ಇದು ನಿನ್ನ ಕೆಲಸ ಅಲ್ಲ" ಅಂತ ಅಪ್ಪ ನಿನ್ನನ್ನ ಅಲ್ಲೇ ಕೂರಿಸಿದ್ದರು. ಒಳಗೆ ಏನಾಯ್ತು ಅಂತ ಅವರು ಹೇಳಿರಲ್ಲ. ನಾನು ಹೇಳ್ತೀನಿ.

ಕುರ್ಚಿ ಕೊಟ್ಟೆ, ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. "ಬದುಕಿರೋ ಮಗಳನ್ನ ಹೂತೆ. ಏಳು ದಿನ ಕೂತಿದ್ದೆ, ಆ ಏಳು ದಿನದಲ್ಲಿ ಒಂದು ಗಳಿಗೆ ಎದ್ದು ನಿನ್ನ ಹುಡುಕಿಕೊಂಡು ಬಂದು ಯಾಕಮ್ಮ ಅಂತ ಕೇಳಬೇಕಿತ್ತು" ಅಂದರು.

"ಕೇಳಿದ್ದರೂ ನಾನು ಹೇಳ್ತಿರಲಿಲ್ಲ ಅಪ್ಪಾ."

"ಗೊತ್ತು. ಆದರೂ ಕೇಳಬೇಕಿತ್ತು. ಕ್ಷಮಿಸು."

ಅವರು ಮತ್ತೆ ಅಂದರು, ಕ್ಷಮಿಸು ಅಂತ. "ಆಯ್ತಪ್ಪಾ, ಕೂತ್ಕೊಳಿ" ಅಂದೆ. "ತಡಿ, ಕಾನೂನಿನಂತೆ ಮೂರು ಸಲ ಕೇಳಬೇಕು, ಇನ್ನೊಂದಿದೆ" ಅಂದು ಮೂರನೇದೂ ಕೇಳಿಯೇ ಕೂತರು. ನನಗೆ ಅಳುವಿನ ಜೊತೆ ನಗುವೂ ಬಂತು.

ನಾನೂ ಕೇಳಿದೆ. ನಿಮ್ಮನ್ನ ಕೇಳದೆ ನಿಮ್ಮ ಹೆಸರು ಕೊಟ್ಟೆ, ಅದು ನನ್ನ ತಪ್ಪು ಅಂದೆ. "ಅದು ತಪ್ಪೋ ಅಲ್ಲವೋ ನನಗೆ ತಿಳೀತಿಲ್ಲ ಕಣಮ್ಮ. ಇಷ್ಟು ವರ್ಷ ಗ್ರಂಥ ಓದಿಸಿಕೊಂಡೆ, ಇದಕ್ಕೆ ಉತ್ತರ ಸಿಗಲಿಲ್ಲ. ಲಮೇಕ ಮೂರು ವರ್ಷ ಹೆಚ್ಚು ಬದುಕಿದ. ಅಷ್ಟು ಗೊತ್ತು" ಅಂದರು. ನನ್ನ ಮುಖದ ಮೇಲೆಲ್ಲ ಕೈಯಾಡಿಸಿದರು, ಮೂಗಿನ ಹತ್ತಿರ ಬಂದಾಗ ಕೈ ಸ್ವಲ್ಪ ಹೊತ್ತು ಅಲ್ಲೇ ಇಟ್ಟರು.

ಅಷ್ಟರಲ್ಲಿ ಎರಾಸ್ತೊ ಶಾಲೆಯಿಂದ ಬಂದ. "ಯಾರು?" ಅಂದರು ಅಪ್ಪ. ನನ್ನ ಗಂಡ ಅಂದೆ. ಅಪ್ಪ, "ಹಾಡ್ತೀಯಂತೆ?" ಅಂದರು. "ಸ್ವಲ್ಪ ಹಾಡ್ತೀನಿ ಮಾವಾ." "ಹೆಚ್ಚು ಹಾಡಬೇಡ. ಗಂಟಲು ಉಳಿಸ್ಕೊ" ಅಂದರು. ಅದು ಆಶೀರ್ವಾದವೋ ಬೈಗುಳವೋ ಎರಾಸ್ತೊ ಇನ್ನೂ ಯೋಚಿಸ್ತಿದ್ದಾನೆ.

ನನ್ನ ಪಾತ್ರೆಯಲ್ಲಿ ಬೇಯಿಸಿದ್ದು ಅಪ್ಪ ತಿನ್ನಲ್ಲ ಅಂತ ಗೊತ್ತಿತ್ತು. ಕೆಂಡದಲ್ಲಿ ಸಿಪ್ಪೆ ಸಮೇತ ಸುಟ್ಟ ಬಾಳೆಹಣ್ಣು ಕೊಟ್ಟೆ. ನಾಲ್ಕು ತಿಂದರು. ಅಷ್ಟೊತ್ತಿಗೆ ನಿನ್ನನ್ನೂ ಒಳಗೆ ಕರೆದಿದ್ದೆ, ನೀನೂ ನೋಡಿದೆ.

ನೀವು ಹೋದ ಮೇಲೆ ಎರಾಸ್ತೊಗೆ ಎಲ್ಲ ಹೇಳಿದೆ, ಈಸ್ಟರಿನಲ್ಲಿ ಹೇಳಿದ ಸುಳ್ಳೂ ಸೇರಿ. ಆಮೇಲೆ, ಇನ್ನು ಮುಂದೆ ನಾನು ಸಬ್ಬತ್ ಹಿಡೀತೀನಿ ಅಂದೆ. ಶನಿವಾರವೇ ಯೂನಿಫಾರಂ ಗಿರಾಕಿಗಳು ಬರೋ ದಿನ. ಕಳೆದ ನಾಲ್ಕು ಶನಿವಾರ ಮಿಷನ್ನಿಗೆ ಬಟ್ಟೆ ಮುಚ್ಚಿಟ್ಟೆ, ಅರ್ಧ ಗಿರಾಕಿಗಳು ಬೇರೆ ಕಡೆ ಹೋದರು. ಭಾನುವಾರದ ಹಾಡಿನ ಸಾಲಿನಲ್ಲಿ ನನ್ನ ಜಾಗ ಖಾಲಿ. ಎರಾಸ್ತೊಗೆ ನೋವಾಗಿದೆ. ನಾನು ಕಾಣದ ಹಾಗೆ ನಟಿಸ್ತಿಲ್ಲ, ಅವನೂ ಮುಚ್ಚಿಡ್ತಿಲ್ಲ. "ನೀನು ನನ್ನ ಕೊಟ್ಟಿಗೆಗೆ ಬಂದಿದ್ದು ಹೆದರಿಕೊಂಡು ಅಂತ ಗೊತ್ತಿರಲಿಲ್ಲ" ಅಂದ. "ಬಂದಿದ್ದು ಹೆದರಿಕೊಂಡು. ಉಳಿದಿದ್ದು ನಿನಗೋಸ್ಕರ. ಈಗಲೂ ಉಳಿದೇ ಇದ್ದೀನಿ" ಅಂದೆ. ಪ್ರೊಸಿ ಯಾವ ಕಡೆ ಅನ್ನೋದು ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನ ಆಗಿಲ್ಲ. ನೀನು ಅದರಲ್ಲಿ ತಲೆ ಹಾಕಬೇಡ.

ಕೊನೆಯದಾಗಿ ಒಂದು ಸುದ್ದಿ. ನಿನಗೆ ಕೀರ್ತನೆ ಕಲಿಸಿದ ಕಾಲದಲ್ಲಿ ನಮ್ಮ ಗುಡ್ಡದ ಕೆಳಗಿನ ಮನೆಯಲ್ಲಿ ಎಲಿಯಾಬು ಅನ್ನೋ ಬಡಗಿ ಇದ್ದ. ಅವನೂ ಹೆಂಡತಿಯೂ ಇಲ್ಲೇ ನಕುಲಾಬ್ಯೆಯಲ್ಲಿದಾರೆ, ಬೇರೆ ಹೆಸರಿಟ್ಟುಕೊಂಡು. ಎರಡು ಭಾನುವಾರ ಹೋಗಿ ಬಂದೆ. ಮೊದಲನೇ ಸಲ ಬಾಗಿಲು ತೆಗೀಲಿಲ್ಲ. ಎರಡನೇ ಸಲ ಅವನ ಹೆಂಡತಿ ಒಳಗಿನಿಂದಲೇ, "ನಿನ್ನನ್ನ ಯಾರು ಕಳಿಸಿದ್ದು? ಅಲ್ಲಿ ನಮ್ಮನ್ನ ಯಾರಾದರೂ ಕೇಳ್ತಾರಾ?" ಅಂದಳು.

ಹೌದು ಕೇಳ್ತಾರೆ ಅನ್ನೋದು ನಾಲಿಗೆ ತುದಿಗೆ ಬಂದಿತ್ತು. "ಯಾರೂ ಕಳಿಸಿಲ್ಲ. ಯಾರೂ ಕೇಳ್ತಿಲ್ಲ. ನಾನು ಕೇಳ್ತಿದ್ದೀನಿ" ಅಂದೆ.

ಬಾಗಿಲು ತೆಗೀಲಿಲ್ಲ. ಆದರೆ ಕಿಟಕಿಯಿಂದ ಒಂದು ಲೋಟ ನೀರು ಹೊರಗೆ ಬಂತು. ಕುಡಿದು ಲೋಟ ಕಿಟಕಿಯ ಮೇಲಿಟ್ಟು ಬಂದೆ. ಬರೋ ಭಾನುವಾರ ಮತ್ತೆ ಹೋಗ್ತೀನಿ.

ನಿನ್ನ ಅತ್ತೆ